ಲಿವರ್ ಗಡ್ಡೆ: ಮೊದಲು ಬಯಾಪ್ಸಿಯೋ, ನೇರ ಆಪರೇಷನ್ನೋ?

ಗದಗದಲ್ಲೋ ಹಾವೇರಿಯಲ್ಲೋ ಸ್ಕ್ಯಾನಿಂಗ್ ಮಾಡಿಸಿ, 'ಲಿವರ್‌ನಲ್ಲಿ ಗಡ್ಡೆ, ಕ್ಯಾನ್ಸರ್ ಇರಬಹುದು' ಎಂಬ ರಿಪೋರ್ಟ್ ಹಿಡಿದು ಹುಬ್ಬಳ್ಳಿಗೆ ಬಂದವರಿಗೆ ಈ ಪ್ರಶ್ನೆ ಎದುರಾಗುತ್ತದೆ.

ಇನ್‌ಫ್ಲಮೇಟರಿ ಸೂಡೋಟ್ಯೂಮರ್ ಎಂಬ ಉರಿಯೂತದ ಗಡ್ಡೆ ಅಪರೂಪದ್ದು. ಕ್ಯಾನ್ಸರ್ ಅಲ್ಲ, ಆದರೆ ಸಿಟಿ ಸ್ಕ್ಯಾನ್‌ನಲ್ಲಿ ಥೇಟ್ ಕ್ಯಾನ್ಸರ್‌ನಂತೆಯೇ ಕಾಣಬಹುದು. ಜ್ವರ, ಹೊಟ್ಟೆನೋವು, ತೂಕ ಇಳಿಯುವುದು ಇದರಲ್ಲೂ ಉಂಟು. ಲಿವರ್ ಕ್ಯಾನ್ಸರ್ ಸುಳಿವಿಗೆ ಮಾಡುವ ಎಎಫ್‌ಪಿ ರಕ್ತಪರೀಕ್ಷೆ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ. ಕ್ಯಾನ್ಸರ್ ಇದ್ದರೂ ಅದು ನಾರ್ಮಲ್ ಇರಬಹುದು.

ಬಯಾಪ್ಸಿಯಲ್ಲಿ ಆ ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಎಳೆಯಷ್ಟು ಚೂರು ತೆಗೆಯುತ್ತಾರೆ. 'ಉಸಿರು ಹಿಡೀರಿ' ಅಂತಾರೆ, ಟಕ್ ಅನ್ನುತ್ತದೆ, ಅಷ್ಟೇ. ಆಮೇಲೆ ಕೆಲವು ಗಂಟೆ ಮಲಗಿರಬೇಕು. ರಕ್ತ ಸೋರುವ ಅಪಾಯ ಸ್ವಲ್ಪ ಇದೆ. ಕ್ಯಾನ್ಸರ್ ಆಗಿದ್ದರೆ ಸೂಜಿಯ ದಾರಿಯಲ್ಲಿ ಹರಡುವುದೂ ಅಪರೂಪಕ್ಕೆ ಉಂಟು. ಆದರೆ ಸೂಡೋಟ್ಯೂಮರ್ ಅಂತ ಖಚಿತವಾದರೆ ಕೆಲವರಿಗೆ ಔಷಧಿಯಲ್ಲೇ ಕರಗುತ್ತದೆ, ಲಿವರ್ ಕೊಯ್ಯಬೇಕಿಲ್ಲ.

ಆಪರೇಷನ್‌ನಲ್ಲಿ ಇಡೀ ಗಡ್ಡೆಯನ್ನೇ ಪರೀಕ್ಷಿಸಬಹುದು, ಅನುಮಾನ ಉಳಿಯುವುದು ಕಡಿಮೆ. ಆದರೆ ಅದು ದೊಡ್ಡ ಆಪರೇಷನ್, ಅಲ್ವಾ?

ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು), ಹೆಪಟೈಟಿಸ್ ಬಿ ಇಲ್ಲದವರು ಮೊದಲು ಕಾಂಟ್ರಾಸ್ಟ್ ಎಂಆರ್‌ಐ (ಗಡ್ಡೆ ಸ್ಪಷ್ಟವಾಗಿ ಕಾಣಲು ಔಷಧಿ ಚುಚ್ಚಿ ಮಾಡುವ ಸ್ಕ್ಯಾನ್), ನಂತರ ಬಯಾಪ್ಸಿ ಬಗ್ಗೆ ಡಾಕ್ಟರನ್ನು ಕೇಳಿ. ನನ್ನ ಒಲವು ಅದಕ್ಕೇ. ಚೂರಿನಲ್ಲಿ ಏನೂ ಖಚಿತವಾಗದೆ ಗಡ್ಡೆ ಬೆಳೆಯುತ್ತಿದ್ದರೆ ಆಪರೇಷನ್ ಮುಂದೂಡಬೇಡಿ. ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಚೂರನ್ನು ಮೇಣದಲ್ಲಿ ಕೂಡಿಸಿಟ್ಟ ತುಂಡು) ಎರಡನ್ನೂ ಕೇಳಿ ಪಡೆಯಿರಿ. ಚೂರು ಪರೀಕ್ಷಿಸುವ ಇನ್ನೊಬ್ಬ ಡಾಕ್ಟರಿಗೆ (ಪೆಥಾಲಜಿಸ್ಟ್) ತೋರಿಸಲು ಬೇಕಾಗುತ್ತವೆ.