ಕಾಫಿ ಕಣದಲ್ಲಿ ಸೀಸ್ಟಾರ್ ಎಸ್50: ಕೊಡಗಿನ ಇಬ್ಬನಿಗೆ ಈ ಸ್ಮಾರ್ಟ್ ಟೆಲಿಸ್ಕೋಪ್ ತಡೆಯುತ್ತದೆಯೇ?

ಕೊಡಗಿನಲ್ಲಿ ಕತ್ತಲೆಗೆ ಬರವಿಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಪೇಟೆ ದೀಪಗಳನ್ನು ದಾಟಿ ತೋಟದ ರಸ್ತೆ ಹಿಡಿದರೆ ಬರಿಗಣ್ಣಿಗೇ ಆಕಾಶಗಂಗೆ ಕಾಣುವ ಜಾಗ ಬೇಕಾದಷ್ಟಿವೆ. ಹಾಗಾಗಿಯೇ ಹೋಂಸ್ಟೇ ನಡೆಸುವವರು, ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ಸ್ಮಾರ್ಟ್ ಟೆಲಿಸ್ಕೋಪ್ ಬಗ್ಗೆ ಆಸಕ್ತಿ ತೋರುತ್ತಿದ್ದಾರೆ. ಅವುಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಚೀನಾದ ಝಡ್‌ಡಬ್ಲ್ಯುಓ ಕಂಪನಿ 2023ರಲ್ಲಿ ಮಾರುಕಟ್ಟೆಗೆ ತಂದ ಸೀಸ್ಟಾರ್ ಎಸ್50. ಕೊಳ್ಳಬಹುದೇ ಎಂದರೆ ಧಾರಾಳವಾಗಿ ಕೊಳ್ಳಬಹುದು. ಇಲ್ಲಿ ಅದಕ್ಕೆ ಶತ್ರುಗಳು ಎರಡೇ, ತೇವ ಮತ್ತು ಮರ. ಇವೆರಡಕ್ಕೂ ದಾರಿ ಮಾಡಿಕೊಂಡವರಿಗೆ ಇದರ ಬೆಲೆಗೆ ಇದಕ್ಕಿಂತ ಒಳ್ಳೆಯ ಆಕಾಶದ ಕ್ಯಾಮೆರಾ ಸಿಗುವುದು ಕಷ್ಟ.

ಕ್ಯಾಮೆರಾ ಎಂದೇ ಹೇಳಬೇಕು, ಏಕೆಂದರೆ ಇದರಲ್ಲಿ ಕಣ್ಣಿಟ್ಟು ನೋಡುವ ಐಪೀಸ್ ಇಲ್ಲ. 50 ಮಿಲಿಮೀಟರ್ ಲೆನ್ಸ್, 250 ಮಿಲಿಮೀಟರ್ ಫೋಕಲ್ ಲೆಂತ್, ಹಿಂದೆ ಸೋನಿಯ ಐಎಂಎಕ್ಸ್462 ಸೆನ್ಸರ್. ಮೋಟಾರು, ಫೋಕಸರ್, ಬ್ಯಾಟರಿ, 64 ಜಿಬಿ ಮೆಮೊರಿ ಎಲ್ಲವೂ ಸುಮಾರು ಎರಡೂವರೆ ಕಿಲೋದ ಒಂದೇ ಡಬ್ಬದೊಳಗೆ. ಫೋನಿನ ಆಪ್‌ನಲ್ಲಿ ಹೆಸರು ಒತ್ತಿದರೆ ತಾನೇ ಆಕಾಶದ ಒಂದು ಫೋಟೋ ತೆಗೆದು, ಅದರಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ತನ್ನೊಳಗಿನ ಪಟ್ಟಿಯ ಜೊತೆ ಹೋಲಿಸಿ, ಎಲ್ಲಿ ನೋಡುತ್ತಿದ್ದೇನೆ ಎಂದು ಲೆಕ್ಕ ಹಾಕಿ ಗುರಿಯತ್ತ ತಿರುಗುತ್ತದೆ. ಆಮೇಲೆ ಹತ್ತು ಹತ್ತು ಸೆಕೆಂಡಿನ ಫೋಟೋಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಈ ಕೆಲಸಕ್ಕೆ ಇಂಟರ್ನೆಟ್ ಬೇಡ. ಸಿಗ್ನಲ್ ಇಲ್ಲದ ತೋಟದಲ್ಲೂ ನಡೆಯುತ್ತದೆ. ಆದರೆ ಮೊದಲ ಸಲದ ಸೆಟಪ್ಪು, ಫರ್ಮ್‌ವೇರ್ ಅಪ್‌ಡೇಟು ಎರಡನ್ನೂ ಒಳ್ಳೆಯ ನೆಟ್‌ವರ್ಕ್ ಇರುವ ಕಡೆ ಮುಗಿಸಿಕೊಂಡೇ ತೋಟಕ್ಕೆ ಒಯ್ಯಿರಿ.

ಎಲ್ಲಿ ಇಡಬೇಕು ಎಂಬುದಕ್ಕೆ ಕೊಡಗಿನಲ್ಲಿ ಸಿದ್ಧ ಉತ್ತರವೊಂದಿದೆ: ಕಾಫಿ ಒಣಗಿಸುವ ಕಣ. ಸಿಮೆಂಟ್ ನೆಲ ಅಲುಗಾಡುವುದಿಲ್ಲ, ಸಮತಟ್ಟಾಗಿರುತ್ತದೆ, ಸುತ್ತ ಮರವೂ ದೂರ. ಆಕಾಶ ಚೆನ್ನಾಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದ ತುಂಬ ಹಣ್ಣು ಹರಡಿರುತ್ತದಲ್ಲ ಎಂದರೆ, ಸಂಜೆ ಅದನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಒಂದು ಮೂಲೆ ಖಾಲಿಯಾಗಿಯೇ ಸಿಗುತ್ತದೆ. ಹಗಲಿಡೀ ಕಾದ ಸಿಮೆಂಟಿನಿಂದ ಏಳುವ ಬಿಸಿಗಾಳಿ ಚಂದ್ರನ ಚಿತ್ರವನ್ನು ಸ್ವಲ್ಪ ನಡುಗಿಸೀತು, ಆದರೆ ನೀಹಾರಿಕೆ, ನಕ್ಷತ್ರಗುಚ್ಛಗಳಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಹೋಂಸ್ಟೇಗಳ ಮರದ ಡೆಕ್ ಮಾತ್ರ ಬೇಡ. ಪಕ್ಕದಲ್ಲಿ ಒಬ್ಬರು ನಡೆದರೂ ಚುಕ್ಕಿಗಳು ಉದ್ದವಾಗಿ ಎಳೆದುಕೊಳ್ಳುತ್ತವೆ, ಆಪ್ ಆ ಫೋಟೋಗಳನ್ನು ತಿರಸ್ಕರಿಸುತ್ತದೆ.

ಮರದ ಲೆಕ್ಕವನ್ನು ಹಗಲಲ್ಲೇ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಉತ್ತರ ಯುರೋಪಿನವರ ಕಣ್ಣಿಗೇ ಬೀಳದ ದಕ್ಷಿಣದ ಆಕಾಶ ನಮಗೆ ಕಾಣುತ್ತದೆ, ಇಲ್ಲಿ ಸೀಸ್ಟಾರ್ ಕೊಳ್ಳಲು ಅದೇ ದೊಡ್ಡ ಕಾರಣ ಎಂದರೂ ತಪ್ಪಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಾಕಾರದ ಗುಚ್ಛ ಒಮೆಗಾ ಸೆಂಟಾರಿ ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ 30 ಡಿಗ್ರಿ ಏರುತ್ತದೆ. ಈಟಾ ಕರೀನಾ ನೀಹಾರಿಕೆ ಮಾರ್ಚ್ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ 18 ಡಿಗ್ರಿ ಎತ್ತರಕ್ಕೆ ಬರುತ್ತದೆ, ಅದಕ್ಕಿಂತ ಮೇಲಕ್ಕಿಲ್ಲ. 20 ಮೀಟರ್ ಎತ್ತರದ ಸಿಲ್ವರ್ ಓಕ್ ಸಾಲು ದಕ್ಷಿಣಕ್ಕಿದ್ದರೆ, ಒಮೆಗಾ ಸೆಂಟಾರಿ ಕಾಣಲು ಆ ಸಾಲು ನಿಮ್ಮಿಂದ 35 ಮೀಟರ್‌ಗಿಂತ ಆಚೆ ಇರಬೇಕು, ಈಟಾ ಕರೀನಾಕ್ಕೆ 60 ಮೀಟರ್‌ಗಿಂತ ಆಚೆ. ಕಣದ ಉತ್ತರ ತುದಿಯಲ್ಲಿ ಟ್ರೈಪಾಡ್ ಇಟ್ಟರೆ ದಕ್ಷಿಣದ ಮರಗಳಿಂದ ಇನ್ನಷ್ಟು ದೂರ ಗಿಟ್ಟುತ್ತದೆ. ಗುರಿ ಎಲೆಗಳ ಹಿಂದೆ ಹೋದರೆ ಆಪ್ ಮರ ಅಡ್ಡ ಬಂತು ಎಂದು ಹೇಳುವುದಿಲ್ಲ. ನಕ್ಷತ್ರ ಗುರುತಿಸಲಾಗಲಿಲ್ಲ ಎಂದೋ ಫೋಕಸ್ ಆಗಲಿಲ್ಲ ಎಂದೋ ಹೇಳುತ್ತದೆ. ಹೊಸಬರು ಯಂತ್ರ ಕೆಟ್ಟಿತು ಎಂದುಕೊಳ್ಳುವುದು ಇಲ್ಲೇ. ನೆತ್ತಿಯ ಹತ್ತಿರದ ಬಯಲಾದ ಜಾಗಕ್ಕೆ ತಿರುಗಿಸಿ, ಅಲ್ಲಿ ಆಟೋಫೋಕಸ್ ಮಾಡಿಸಿ, ಮತ್ತೆ ಗುರಿಗೆ ಬನ್ನಿ.

ಈಗ ಇಬ್ಬನಿ. ಚಳಿಗಾಲದ ತಿಳಿಯಾದ ರಾತ್ರಿಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಟಾರ್ಪಾಲಿನ ಮೇಲೆ ಕೈಯಿಟ್ಟರೆ ಒದ್ದೆ ಹತ್ತುತ್ತದೆ. ಅದೇ ನೀರು ಲೆನ್ಸಿನ ಮೇಲೂ ಕೂರುತ್ತದೆ. ಎಸ್50ರಲ್ಲಿ ಲೆನ್ಸ್ ಬಿಸಿ ಮಾಡುವ ಹೀಟರ್ ಇದೆ, ಆಪ್‌ನಿಂದ ಹಾಕಬಹುದು. ಮಸುಕು ಕಂಡ ಮೇಲೆ ಹಾಕೋಣ ಎಂದು ಕಾಯಬೇಡಿ. ಯಂತ್ರ ಹೊರಗಿಟ್ಟ ಕೂಡಲೇ ಹಾಕಿಬಿಡಿ. ಕೂತ ಇಬ್ಬನಿ ಒಣಗುವಷ್ಟರಲ್ಲಿ ಗುರಿ ಮರದ ಮರೆಗೆ ಹೋಗಿರುತ್ತದೆ. ಚಿತ್ರ ಕೆಟ್ಟದ್ದು ಇಬ್ಬನಿಯಿಂದಲೋ ಮೋಡದಿಂದಲೋ ಎಂದು ಬೇರ್ಪಡಿಸುವುದು ಸುಲಭ. ಮೋಡ ಬಂದು ಹೋಗುತ್ತದೆ, ತಿರಸ್ಕೃತ ಫೋಟೋಗಳ ಎಣಿಕೆ ಒಮ್ಮೆಲೇ ಏರಿ ಮತ್ತೆ ನಿಲ್ಲುತ್ತದೆ. ಇಬ್ಬನಿಯಾದರೆ ಪ್ರಕಾಶಮಾನ ನಕ್ಷತ್ರಗಳ ಸುತ್ತ ಬೆಳಕಿನ ಬಳೆ ಮೂಡಿ ನಿಧಾನವಾಗಿ ದೊಡ್ಡದಾಗುತ್ತಾ ಹೋಗುತ್ತದೆ, ಸಣ್ಣ ಚುಕ್ಕಿಗಳು ಒಂದೊಂದಾಗಿ ಮಾಯವಾಗುತ್ತವೆ. ಲೆನ್ಸಿನ ಮುಂದೆ ಹತ್ತು ಸೆಂಟಿಮೀಟರ್ ಉದ್ದದ ಕಪ್ಪು ಫೋಮ್ ಶೀಟಿನ ಕೊಳವೆ ಸಿಕ್ಕಿಸಿದರೆ ಹೀಟರಿಗೆ ಅರ್ಧ ಕೆಲಸ ಕಡಿಮೆ. ಆದರೆ ಯಂತ್ರ ಆಫ್ ಮಾಡುವಾಗ ಲೆನ್ಸಿನ ತೋಳು ಮಡಚಿ ಒಳಗೆ ಹೋಗುತ್ತದೆ, ಕೊಳವೆ ತೆಗೆಯದಿದ್ದರೆ ಅದು ಅಡ್ಡ ಸಿಕ್ಕಿ ಮೋಟಾರಿಗೆ ಪೆಟ್ಟು.

ಹೀಟರ್ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ. 6000 ಎಂಎಎಚ್ ಬ್ಯಾಟರಿಗೆ ಕಂಪನಿ ಹೇಳುವುದು ಆರು ತಾಸು. ಚಳಿಯಲ್ಲಿ ಹೀಟರಿನೊಂದಿಗೆ ಅಷ್ಟು ನಿರೀಕ್ಷಿಸುವಂತಿಲ್ಲ. ಟೈಪ್-ಸಿ ಪೋರ್ಟಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಚುಚ್ಚಿ ಟ್ರೈಪಾಡಿನ ಕಾಲಿಗೆ ಕಟ್ಟಿಬಿಡಿ. ಕೇಬಲ್ ಸಡಿಲವಾಗಿರಲಿ, ಯಂತ್ರ ತಿರುಗುವಾಗ ಬಿಗಿದರೆ ಚಿತ್ರ ಜಗ್ಗುತ್ತದೆ.

ಮುಗಿಸಿ ಒಳಗೆ ತರುವ ಕ್ರಮಕ್ಕೂ ಇಲ್ಲಿ ಬೆಲೆಯಿದೆ. ತಣ್ಣಗಾದ ಯಂತ್ರವನ್ನು ನೇರ ಬೆಚ್ಚನೆಯ ಕೋಣೆಗೆ ತಂದರೆ ಒಳಗೂ ಹೊರಗೂ ಬೆವರುತ್ತದೆ. ಹೊರಗಡೆಯೇ ತೋಳು ಮಡಚಿಸಿ, ಮೈಯನ್ನು ಒಣ ಬಟ್ಟೆಯಿಂದ ಒತ್ತಿ, ಪೆಟ್ಟಿಗೆಗೆ ಹಾಕಿ ಮುಚ್ಚಿ ಒಳಗೆ ತನ್ನಿ. ಒಂದು ತಾಸು ಬಿಟ್ಟು ಪೆಟ್ಟಿಗೆ ತೆರೆದಿಡಿ. ಒದ್ದೆ ಫೋಮ್ ಪೆಟ್ಟಿಗೆಯಲ್ಲೇ ವಾರಗಟ್ಟಲೆ ಮುಚ್ಚಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಹಿಡಿದ ಬೂಸ್ಟು ಗಾಜಿನ ಲೇಪನವನ್ನೇ ತಿನ್ನುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರಕ್ಕೆ ಕೆಲಸವಿಲ್ಲ, ನಿಮಗಿದೆ. ಭಾಗಮಂಡಲ, ತಲಕಾವೇರಿ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಸ್ಟು ಬರುವಾಗ ಲೆನ್ಸನ್ನು ಹಾಗೇ ಬಿಡುವಂತಿಲ್ಲ. ರಬ್ಬರ್ ಬಿಗಿಯಿರುವ 25 ಲೀಟರ್ ಪ್ಲಾಸ್ಟಿಕ್ ಡಬ್ಬ, ಅರ್ಧ ಕಿಲೋ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ಸಾಕು. ಒಳಗಿನ ತೇವಾಂಶ 40ರಿಂದ 50 ಶೇಕಡದಲ್ಲಿ ನಿಲ್ಲಲಿ. ನೀಲಿ ಜೆಲ್ ಗುಲಾಬಿಯಾದಾಗ 110 ಡಿಗ್ರಿ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣ ಕೋಬಾಲ್ಟಿನದು, ವಿಷ, ಆದ್ದರಿಂದ ಅಡುಗೆಯ ಬಾಣಲೆ ಮುಟ್ಟಿಸಬೇಡಿ. ಹಳೆಯದೊಂದು ಪಾತ್ರೆಯನ್ನು ಇದಕ್ಕೇ ಮೀಸಲಿಡಿ, ಇಲ್ಲವೇ ಕಿತ್ತಳೆ ಬಣ್ಣದ ಜೆಲ್ ತನ್ನಿ. ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಖಾಲಿಯಾಗಿಯೂ ಇಡಬೇಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಲಿ. ತಿಂಗಳಿಗೊಮ್ಮೆ ಯಂತ್ರವನ್ನು ಡಬ್ಬದಿಂದ ಹೊರತೆಗೆದು ಅರ್ಧ ತಾಸು ಹೀಟರ್ ಓಡಿಸಿ.

ಇನ್ನು ಚಿತ್ರದ ಗುಣಮಟ್ಟ. ಸೀಸ್ಟಾರ್ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುವುದರಿಂದ, ಗುರಿ ಮಧ್ಯದಲ್ಲೇ ನಿಂತರೂ ಸುತ್ತಲಿನ ಆಕಾಶ ಚೌಕಟ್ಟಿನೊಳಗೆ ನಿಧಾನ ಸುತ್ತುತ್ತದೆ. ಈ ಸುತ್ತಾಟ ಪೂರ್ವ, ಪಶ್ಚಿಮ ದಿಕ್ಕಿನಲ್ಲಿ ಬಹುತೇಕ ಇಲ್ಲ, ಉತ್ತರ ದಕ್ಷಿಣದಲ್ಲಿ ಜಾಸ್ತಿ, ನೆತ್ತಿಯ ಹತ್ತಿರ ವಿಪರೀತ. ಮಹಾವ್ಯಾಧದ ನೀಹಾರಿಕೆಯನ್ನೇ ತಗೊಳ್ಳಿ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಅದು 72 ಡಿಗ್ರಿ ಎತ್ತರದಲ್ಲಿ, ನೇರ ದಕ್ಷಿಣದಲ್ಲಿರುತ್ತದೆ. ಆಗ ಚಿತ್ರ ಗಂಟೆಗೆ 48 ಡಿಗ್ರಿಯಷ್ಟು ಸುತ್ತುತ್ತದೆ. ಹತ್ತು ಸೆಕೆಂಡಿನ ಫೋಟೋದಲ್ಲಿ ಮೂಲೆಯ ಚುಕ್ಕಿ ಎರಡೂವರೆ ಪಿಕ್ಸೆಲ್ ಎಳೆದುಕೊಂಡರೆ, 30 ಸೆಕೆಂಡಿನದರಲ್ಲಿ ಏಳೂವರೆ ಪಿಕ್ಸೆಲ್. ಅದೇ ನೀಹಾರಿಕೆ ರಾತ್ರಿ ಎಂಟಕ್ಕೆ ಪೂರ್ವದ ಕಡೆ 50 ಡಿಗ್ರಿಯಲ್ಲಿರುವಾಗ ಸುತ್ತಾಟ ಐದರಲ್ಲೊಂದು ಪಾಲು ಮಾತ್ರ. ಹಾಗಾಗಿ ಊಟಕ್ಕೆ ಮೊದಲು ಶುರುಮಾಡಿ, ಅದು ನೆತ್ತಿಗೆ ಬರುವ ಮೊದಲೇ ಬೇರೆ ಗುರಿಗೆ ಹೋಗಿ.

ಈ ಸುತ್ತಾಟ ತಪ್ಪಿಸಲೆಂದೇ 2025ರಲ್ಲಿ ಇಕ್ವಟೋರಿಯಲ್ ಮೋಡ್ ಬಂತು. ಯಂತ್ರವನ್ನು ಆಕಾಶದ ಧ್ರುವದ ಕಡೆ, ಅಂದರೆ ಧ್ರುವನಕ್ಷತ್ರದ ದಿಕ್ಕಿಗೆ, ವಾಲಿಸಿಟ್ಟರೆ ಉದ್ದದ ಎಕ್ಸ್‌ಪೋಷರ್ ಸಾಧ್ಯ. ಲಂಡನ್ನಿನಂಥ ಊರಿನಲ್ಲಿ ಸಲೀಸು. ಕೊಡಗಿನಲ್ಲಿ ಧ್ರುವ ಇರುವುದು ದಿಗಂತದಿಂದ 12.4 ಡಿಗ್ರಿ ಮೇಲೆ, ಅಂದರೆ ಯಂತ್ರವನ್ನು 77 ಡಿಗ್ರಿಗಿಂತ ಹೆಚ್ಚು ವಾಲಿಸಿ ಬಹುತೇಕ ಮಲಗಿಸಬೇಕು. ಜೊತೆಗೆ ಬರುವ ಪುಟ್ಟ ಟ್ರೈಪಾಡಿನಲ್ಲಿ ಹಾಗೆ ಮಾಡಿದರೆ ಭಾರ ಕಾಲುಗಳ ಹೊರಗೆ ಬಿದ್ದು ಇಡೀ ಯಂತ್ರ ಮಗುಚಿಕೊಳ್ಳುತ್ತದೆ. ಮಾಡಲೇಬೇಕೆಂದಿದ್ದರೆ ಭಾರದ ಟ್ರೈಪಾಡು, ಯಂತ್ರವನ್ನು ವಾಲಿಸಿ ಹಿಡಿಯುವ ಗಟ್ಟಿ ವೆಡ್ಜು ಬೇಕು, ಒಂದು ಕಾಲು ಸರಿಯಾಗಿ ಉತ್ತರಕ್ಕಿರಬೇಕು, ಮಧ್ಯದ ಕೊಕ್ಕೆಗೆ ಮರಳಿನ ಚೀಲ ತೂಗುಹಾಕಬೇಕು. ಆ ಖರ್ಚಿಗೆ ಸಿಗುವ ಲಾಭ ಕಡಿಮೆ ಎಂದೇ ನನ್ನ ಅಭಿಪ್ರಾಯ. ಹತ್ತು ಸೆಕೆಂಡಿನಲ್ಲೇ ಇದ್ದು, ಪೂರ್ವ ಪಶ್ಚಿಮದ ಗುರಿಗಳನ್ನು ಆರಿಸಿಕೊಂಡು, ಒಂದಕ್ಕೇ ಒಂದೆರಡು ತಾಸು ಕೊಟ್ಟರೆ ಬೇಕಾದಷ್ಟಾಯಿತು.

ಗ್ರಹ ನೋಡುವ ಆಸೆಯಿಂದ ಇದನ್ನು ಕೊಳ್ಳಬೇಡಿ. ಒಂದು ಪಿಕ್ಸೆಲ್ ಆಕಾಶದ 2.4 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಭಾಗವೇ ಒಂದು ಆರ್ಕ್ ಸೆಕೆಂಡ್) ಹಿಡಿಯುತ್ತದೆ, ಗುರು ಗ್ರಹದ ಅಗಲ ಹೆಚ್ಚೆಂದರೆ ಇಪ್ಪತ್ತು ಪಿಕ್ಸೆಲ್ ಆಸುಪಾಸು. ಶನಿಯ ಬಳೆ ಇದೆ ಎಂದಷ್ಟೇ ತಿಳಿಯುತ್ತದೆ. ಚಂದ್ರ ಮಾತ್ರ ಚೌಕಟ್ಟಿನಲ್ಲಿ ಅಂದವಾಗಿ ಕೂರುತ್ತಾನೆ. ಸೂರ್ಯನಿಗೆ ಬೇಕಾದ ಫಿಲ್ಟರ್ ಪೆಟ್ಟಿಗೆಯಲ್ಲೇ ಇದೆ, ಕಲೆಗಳು ಸ್ಪಷ್ಟ. ಸೂರ್ಯನ ಕಡೆ ತಿರುಗಿಸುವ ಮೊದಲು ಅದನ್ನು ಹಾಕಿರಲೇಬೇಕು, ಇಲ್ಲದಿದ್ದರೆ ಸೆನ್ಸರ್ ಸುಟ್ಟುಹೋಗುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟ್ಟ ಸಮೀಪದ ಕಾಯಿಮಾನಿಯಲ್ಲಿ ಸೇರಿದ್ದ ಜನಸಂದಣಿ ನೆನಪಿದ್ದವರಿಗೆ ಒಂದು ಮಾತು: 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡಿನ ಮೇಲೆ ಹಾದುಹೋಗುತ್ತದೆ, ಕೊಡಗಿನಲ್ಲಿ ಪಾರ್ಶ್ವ ಗ್ರಹಣ ಕಾಣುತ್ತದೆ. ಇಂಥ ದಿನ ಹತ್ತಾರು ಮಕ್ಕಳಿಗೆ ಒಟ್ಟಿಗೆ ಟಿವಿ ಪರದೆಯಲ್ಲಿ ತೋರಿಸಲು ಇದಕ್ಕಿಂತ ಸುರಕ್ಷಿತ ಸಾಧನ ನನಗೆ ಗೊತ್ತಿಲ್ಲ.

ಆಪ್‌ನಲ್ಲಿರುವ ಎಐ ಡಿನಾಯ್ಸ್ ಗುಂಡಿ ಒತ್ತಿದರೆ ಕಾಳುಕಾಳಾದ ಚಿತ್ರ ನುಣ್ಣಗಾಗುತ್ತದೆ. ಅತಿಥಿಗಳ ಫೋನಿಗೆ ಕಳಿಸಲು ಚೆನ್ನ. ಆದರೆ ಹದಿನೈದೇ ನಿಮಿಷದ ಚಿತ್ರಕ್ಕೆ ಅದನ್ನು ಹಾಕಿದರೆ ಗೆಲಾಕ್ಸಿಯ ತೋಳುಗಳಲ್ಲಿ ಇಲ್ಲದ ಎಳೆಗಳೂ ಮೂಡಿದಂತೆ ಕಾಣಬಹುದು. ಎಐ ಮುಟ್ಟದ ಮೂಲ ಫಿಟ್ಸ್ ಫೈಲುಗಳನ್ನು ಉಳಿಸುವ ಆಯ್ಕೆಯನ್ನು ಮೊದಲ ದಿನವೇ ಆನ್ ಮಾಡಿ. ಒಂದೊಂದು ಫೋಟೋ ನಾಲ್ಕು ಎಂಬಿ ಸುಮಾರು, ಹತ್ತು ಸೆಕೆಂಡಿಗೊಂದರಂತೆ ತಾಸಿಗೆ ಒಂದೂವರೆ ಜಿಬಿ. ಸಿರಿಲ್, ಗ್ರಾಕ್ಸ್‌ಪರ್ಟ್ ಎರಡೂ ಉಚಿತ ಸಾಫ್ಟ್‌ವೇರ್. ಮನೆಯ ಲ್ಯಾಪ್‌ಟಾಪಿನಲ್ಲಿ ಸಿರಿಲ್‌ನಿಂದ ಮತ್ತೆ ಪೇರಿಸಿದರೆ ಉಪಗ್ರಹಗಳು ಎಳೆದ ಗೆರೆಗಳೂ ಹೋಗುತ್ತವೆ, ಗ್ರಾಕ್ಸ್‌ಪರ್ಟ್ ಹಿನ್ನೆಲೆಯ ಏರುಪೇರಾದ ಬೆಳಕನ್ನು ತೆಗೆಯುತ್ತದೆ. ಹೈಡ್ರೋಜನ್, ಆಕ್ಸಿಜನ್ ಬೆಳಕನ್ನಷ್ಟೇ ಬಿಡುವ, ಒಳಗೇ ಇರುವ ಡ್ಯುಯಲ್ ಬ್ಯಾಂಡ್ ಫಿಲ್ಟರನ್ನು ನೀಹಾರಿಕೆಗೆ ಮಾತ್ರ ಹಾಕಿ. ಗೆಲಾಕ್ಸಿ, ಕೃತ್ತಿಕೆಗೆ ಅದು ಬೆಳಕು ಕತ್ತರಿಸುತ್ತದೆ ಅಷ್ಟೇ.

ಮೂಲ ಫೈಲುಗಳಿದ್ದರೆ ನಿಜವಾದ ವಿಜ್ಞಾನಕ್ಕೂ ದಾರಿಯಿದೆ. ಪ್ರಕಾಶ ಏರಿಳಿಯುವ ನಕ್ಷತ್ರಗಳ ಅಳತೆಯನ್ನು ಎಎವಿಎಸ್‌ಓ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹವ್ಯಾಸಿಗಳಿಂದ ಸ್ವೀಕರಿಸುತ್ತದೆ. 1866ರಲ್ಲಿ, 1946ರಲ್ಲಿ ಸಿಡಿದ ಟಿ ಕೊರೋನೆ ಬೋರಿಯಾಲಿಸ್ ಎಂಬ ನಕ್ಷತ್ರ ಸಾಮಾನ್ಯವಾಗಿ ಹತ್ತನೇ ಕಾಂತಿಮಾನದ, ಅಂದರೆ ಬರಿಗಣ್ಣಿಗೆ ಕಾಣದ ಚುಕ್ಕಿ, ಎಸ್50ಕ್ಕೆ ಅದು ಬಹಳ ಸುಲಭ. ಕೊಡಗಿನಲ್ಲಿ ಉತ್ತರಕ್ಕೆ 76 ಡಿಗ್ರಿ ಎತ್ತರ ಏರುವುದರಿಂದ ಮರದ ಕಾಟವೂ ಇಲ್ಲ. ಶಾಲೆಯೊಂದು ವಾರಕ್ಕೊಂದು ಅಳತೆ ಕಳಿಸಿದರೂ ಅದು ದಾಖಲೆಯಲ್ಲಿ ಉಳಿಯುತ್ತದೆ.

ದಕ್ಷಿಣ ಕೊಡಗಿನವರು, ಸಿದ್ದಾಪುರ, ಪೊನ್ನಂಪೇಟೆ ಕಡೆಯವರು, ರಾತ್ರಿ ಕಣದಲ್ಲಿ ಕೂತು ಕಾಯಬೇಡಿ. ಆನೆ ಬರುವ ಜಾಗಗಳಿವು. ಯಂತ್ರದ ಸ್ವಂತ ವೈಫೈ ಹತ್ತು ಮೀಟರ್ ದಾಟಿದರೆ ಸೊರಗುತ್ತದೆ, ಹಳೆಯ ಮನೆಗಳ ದಪ್ಪ ಗೋಡೆ ದಾಟುವುದೇ ಇಲ್ಲ. ಆಪ್‌ನಲ್ಲಿ ಸ್ಟೇಷನ್ ಮೋಡ್ ಆರಿಸಿ ಮನೆಯ ರೂಟರಿಗೆ ಸೇರಿಸಿಬಿಟ್ಟರೆ ಬಾಗಿಲು ಹಾಕಿಕೊಂಡು ಒಳಗಿಂದಲೇ ನಡೆಸಬಹುದು. ಯಂತ್ರ ಹೋದರೆ ಹೋಗಲಿ, ಎತ್ತಿಕೊಂಡು ಬರಲು ಕತ್ತಲಲ್ಲಿ ಓಡಬೇಡಿ.

ಎಸ್50ರ ತಮ್ಮ, ಇದೇ ಕಂಪನಿಯ ಸೀಸ್ಟಾರ್ ಎಸ್30ರ ಲೆನ್ಸ್ 30 ಮಿಲಿಮೀಟರ್, ತೂಕ 1.65 ಕಿಲೋ, ನೋಟ ಹೆಚ್ಚು ಅಗಲ. ಮಾಂದಲ್‌ಪಟ್ಟಿಯಂಥ ಕಡೆಗೆ ಬೆನ್ನಿಗೇರಿಸಿಕೊಂಡು ಹೋಗುವವರಿಗೆ, ದೇವಯಾನಿ ಗೆಲಾಕ್ಸಿಯ ಹೆಚ್ಚು ಭಾಗ ಒಂದೇ ಚೌಕಟ್ಟಿನಲ್ಲಿ ಬೇಕೆನ್ನುವವರಿಗೆ ಅದೇ ಸರಿ. ಒಂದೇ ಕಡೆ ಇಟ್ಟು ಅತಿಥಿಗಳಿಗೆ, ಮಕ್ಕಳಿಗೆ ತೋರಿಸುವವರು ಎಸ್50 ಕೊಳ್ಳಲಿ, ನಕ್ಷತ್ರಗುಚ್ಛಗಳು ಅದರಲ್ಲಿ ಚೆನ್ನಾಗಿ ಬಿಡಿಬಿಡಿಯಾಗುತ್ತವೆ. ವಿದೇಶದಿಂದ ನೇರ ತರಿಸಿದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎರಡೂ ಬೀಳುತ್ತವೆ, ರಿಪೇರಿಗೆ ವಾಪಸ್ ಕಳಿಸುವುದೂ ತಲೆನೋವು. ಭಾರತದ ಮಾರಾಟಗಾರರಿಂದ ಜಿಎಸ್‌ಟಿ ಬಿಲ್ಲಿನೊಂದಿಗೆ ಕೊಂಡು, ವಾರಂಟಿ ಯಾರು ನಿಭಾಯಿಸುತ್ತಾರೆ ಎಂದು ಬರಹದಲ್ಲಿ ಪಡೆಯಿರಿ. ಪೆಟ್ಟಿಗೆ ಬಂದ ದಿನವೇ ಸೂರ್ಯನ ಫಿಲ್ಟರಿನಲ್ಲಿ ಬಿರುಕು, ತೂತು ಇದೆಯೇ ಎಂದು ಬಲ್ಬಿಗೆ ಹಿಡಿದು ನೋಡಿ, ಹೀಟರ್ ಹಾಕಿ ಲೆನ್ಸಿನ ಅಂಚು ಬೆಚ್ಚಗಾಗುತ್ತದೆಯೇ ಎಂದು ಪರೀಕ್ಷಿಸಿ. ಬದಲಿ ಕೇಳುವ ಅವಧಿ ಮಳೆಗಾಲದಲ್ಲಿ ಕಳೆದುಹೋಗದಂತೆ ಅಕ್ಟೋಬರ್ ದಾಟಿದ ಮೇಲೆ ಆರ್ಡರ್ ಮಾಡಿ.