ಬೀಟರಿಗೆ ಹಾಕಿಸಿದ ಡಿಜಿಟಲ್ ಕರೆಂಟ್ ಮೀಟರ್: ಎರಡು ವರ್ಷ ಬಳಸಿದ ಮೇಲೆ

ಈ ಮೀಟರಿನ ಡಿಸ್‌ಪ್ಲೇ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನಗೆ ಬೇಕಾದದ್ದು ಕಿಲೋವ್ಯಾಟ್ ಒಂದೇ. ಅದಕ್ಕೆ ಮೂರು ಸಲ ಬಟನ್ ಒತ್ತಬೇಕು. ಒದ್ದೆ ಕೈ ಒರೆಸಿಕೊಂಡು ಬಂದು ಒತ್ತಿ, ಬೀಟರಿನ ರೋಲ್ ಇಳಿಸುವ ಚಕ್ರಕ್ಕೆ ಕೈ ಹಾಕುವಷ್ಟರಲ್ಲಿ ಮತ್ತೆ ವೋಲ್ಟೇಜ್ ತೋರಿಸುತ್ತಿರುತ್ತದೆ.

ಚಿಕ್ಕಮಗಳೂರಲ್ಲಿ ನಮ್ಮದು ಸಣ್ಣ ಕೈಕಾಗದದ ಘಟಕ. ಕಾಫಿ ಪ್ಯಾಕೆಟ್ಟಿನ ಟ್ಯಾಗು, ಲಗ್ನಪತ್ರಿಕೆ ಜಾಸ್ತಿ. ಮರದ ಪಲ್ಪ್ ಶೀಟ್ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಾಲೆಂಡರ್ ಬೀಟರಿಗೆ ಹಾಕುತ್ತೇವೆ. ಅಂದರೆ, ನೀರು ತುಂಬಿದ ತೊಟ್ಟಿಯಲ್ಲಿ ಅಲಗುಗಳಿರುವ ರೋಲು ತಿರುಗುತ್ತಾ ನಾರನ್ನು ಜಜ್ಜಿ ಬಿಡಿಸುವ ಯಂತ್ರ. ಮೋಟರ್ 7.5 ಎಚ್‌ಪಿ.

ಮೀಟರ್ ಹಾಕಿಸಿದ ದಿನ ರೋಲನ್ನು ಪೂರ್ತಿ ಮೇಲೆತ್ತಿ ನೋಡಿದೆ. ನಾರಿಗೆ ಏಟೇ ಬೀಳುತ್ತಿಲ್ಲ, ಪಲ್ಪು ಸುಮ್ನೆ ತೊಟ್ಟಿಯಲ್ಲಿ ಸುತ್ತುತ್ತಿದೆ. ಆದರೂ 2.2 ಕಿಲೋವ್ಯಾಟ್! ಆಗೆಲ್ಲ ನಾವು ರೋಲನ್ನು ಹಗುರವಾಗಿ ತಾಗಿಸಿ 4 ಗಂಟೆ ಓಡಿಸುತ್ತಿದ್ದೆವು, 3 ಕಿಲೋವ್ಯಾಟಿನಲ್ಲಿ. ಒಂದು ತೊಟ್ಟಿಗೆ 12 ಯೂನಿಟ್, ಅದರಲ್ಲಿ ನಾರಿಗೆ ಸಿಕ್ಕಿದ್ದು 3 ಚಿಲ್ಲರೆ. ದೊಡ್ಡ ಕಾಗದ ಗಿರಣಿಗಳಲ್ಲಿ ಬೀಟರಿನ ಕೆಲಸ ಮಾಡುವ ರಿಫೈನರ್ ಯಂತ್ರಕ್ಕೂ ಲೆಕ್ಕ ಹೀಗೇ ಅಲ್ವಾ, ಖಾಲಿ ಓಟದ ಕರೆಂಟನ್ನು ಕಳೆದು ಒಂದು ಟನ್ ನಾರಿಗೆ ಎಷ್ಟು ಯೂನಿಟ್ ಹೋಯಿತು ಅಂತ ನೋಡುತ್ತಾರೆ.

ಈಗ ರೋಲನ್ನು ಸ್ವಲ್ಪಸ್ವಲ್ಪವೇ ಇಳಿಸಿ 3.9ಕ್ಕೆ ನಿಲ್ಲಿಸುತ್ತೇವೆ. 2 ಗಂಟೆಗೇ ಹದ ಬರುತ್ತದೆ, 8 ಯೂನಿಟ್ ಒಳಗೆ. ಅರ್ಧ ತೊಟ್ಟಿ ಹಾಕಿ ಓಡಿಸುವುದನ್ನೂ ಬಿಟ್ಟೆವು. ತಿಂಗಳಿಗೆ 25 ತೊಟ್ಟಿ, ನೂರು ಯೂನಿಟ್ ಉಳಿತಾಯ. ನಮ್ಮಂಥವರಿಗೆ ಅದು ದೊಡ್ಡದೇ.

ಆಸೆಗೆ ಬಿದ್ದು ಒಂದು ಸಲ 4.6ರವರೆಗೆ ಒತ್ತಿದೆವು. ನಾರು ಎಳೆಎಳೆಯಾಗಿ ಬಿಡಿಸಿಕೊಳ್ಳುವ ಬದಲು ತುಂಡಾಯಿತು. ಕಾಗದ ಮಡಿಸಿದಲ್ಲೇ ಬಿರಿಯಿತು, ಲಗ್ನಪತ್ರಿಕೆಗೆ ಬರಲಿಲ್ಲ. ಇದು ಮೀಟರಿನಲ್ಲಿ ಕಾಣುವುದಿಲ್ಲ.

ಅದಕ್ಕೆ ಗಾಜಿನ ಲೋಟವೇ ಬೇಕು. ಕೊನೆಯ ಅರ್ಧ ಗಂಟೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಒಂದು ಚಿಟಿಕೆ ಪಲ್ಪನ್ನು ನೀರಿಗೆ ಬಿಟ್ಟು, ಅಲ್ಲಾಡಿಸಿ, ಬೆಳಕಿಗೆ ಹಿಡಿಯುತ್ತೇನೆ. ಸಣ್ಣ ಗಂಟುಗಳು ತೇಲುತ್ತಿದ್ದರೆ ಇನ್ನೂ ಹತ್ತು ನಿಮಿಷ. ಗಂಟೆಲ್ಲ ಹೋಗಿ ನೀರು ಅಕ್ಕಿ ತೊಳೆದ ಹಾಗೆ ಒಂದೇ ಸಮ ಬೆಳ್ಳಗಾದ ತಕ್ಷಣ ಬೀಟರ್ ಬಂದ್. ಆಮೇಲೆ ಎಷ್ಟು ಯೂನಿಟ್ ಆಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುವುದು ನನಗೆ ದಿನದ ಅತಿ ಖುಷಿಯ ಕೆಲಸ. ಹೀಗೆ ಬರೆಯುತ್ತಾ ಬರೆಯುತ್ತಾ ಆ ಮೂರು ಸಲ ಬಟನ್ ಒತ್ತುವುದನ್ನೂ ಸಹಿಸಿಕೊಂಡಿದ್ದೇನೆ.

ತಗೊಳ್ಳುವವರು ಅಂಗಡಿಯಲ್ಲೇ ಆನ್ ಮಾಡಿಸಿ, ಕಿಲೋವ್ಯಾಟ್ ಪರದೆಯ ಮೇಲೆ ನಿಲ್ಲುತ್ತದಾ ಅಂತ ನೋಡಿ. ರೋಲ್ ಚಕ್ರದ ಪಕ್ಕದಲ್ಲೇ ಹಾಕಿಸಿ. ನಮ್ಮದು ಹಿಂದಿನ ಗೋಡೆಯಲ್ಲಿದೆ, ಈ ಮಳೆಗಾಲ ಮುಗಿದ ಮೇಲೆ ಈಚೆಗೆ ತರಿಸುತ್ತೇನೆ.