ಎಲಿಕ್ಸಿರ್ ಮ್ಯಾಕ್ರೋ: ಬಾಗುವುದೆಷ್ಟು, ಬಾಗದಿರುವುದೆಷ್ಟು

ಮುಂಬಯಿಯ ಮಾಟುಂಗದಲ್ಲಿರುವ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ತಂತ್ರಾಂಶಕ್ಕಾಗಿ ಎಲಿಕ್ಸಿರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮ್ಯಾಕ್ರೋ (ಕೋಡನ್ನೇ ತೆಗೆದುಕೊಂಡು ಹೊಸ ಕೋಡ್ ತಯಾರಿಸುವ ತುಣುಕು) ಸೌಲಭ್ಯವನ್ನು ಚೆನ್ನಾಗಿ ದುಡಿಸಿಕೊಂಡ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ರಿಯಾಯಿತಿಯ ನಿಯಮಗಳು ಪ್ರೋಗ್ರಾಮಿನೊಳಗೇ ಇದ್ದರೂ ಗಲ್ಲೆಯಲ್ಲಿ ಕೂರುವ ಮಾಲಕರು ಅವುಗಳನ್ನು ತಾವೇ ಓದಿ ಪರಿಶೀಲಿಸುವಂತಿರಬೇಕು ಎಂಬುದು ಅವರ ಷರತ್ತಾಗಿತ್ತು.

ಜೊಸೆ ವಲಿಂ ರೂಪಿಸಿದ ಎಲಿಕ್ಸಿರ್, ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಇನ್ನೊಂದು ಭಾಷೆಯಾದ ಅರ್ಲಾಂಗ್‌ನ ಬೀಮ್ ಎಂಬ ವರ್ಚುವಲ್ ಯಂತ್ರದ (ಪ್ರೋಗ್ರಾಮನ್ನು ನಡೆಸುವ ತಂತ್ರಾಂಶದ) ಮೇಲೆ ಓಡುವ, ಫಂಕ್ಷನ್‌ಗಳನ್ನೇ ಆಧಾರವಾಗಿಟ್ಟುಕೊಂಡ 'ಫಂಕ್ಷನಲ್' ಭಾಷೆ. ಅದರ 1.0 ಆವೃತ್ತಿ 2014ರಲ್ಲಿ ಬಂದಿತು. ಬಳಕೆಗೆ ಹಣ ಕೊಡಬೇಕಿಲ್ಲ. ಈ ಭಾಷೆಯಲ್ಲಿ 'ಇಫ್', 'ಡೆಫ್', ಪೈಪ್ ಚಿಹ್ನೆ ಮೊದಲಾದವೂ ಮ್ಯಾಕ್ರೋಗಳೇ ಆಗಿರುವುದರಿಂದ, ಭಾಷೆಯನ್ನು ಕಟ್ಟಿದವರ ಕೈಯಲ್ಲಿದ್ದ ಸಲಕರಣೆಯೇ ಬಳಕೆದಾರನ ಕೈಗೂ ಬರುತ್ತದೆ.

ಹೆಸರುಗಳಿಗೆ ಕನ್ನಡವೂ ಸೇರಿದ ಯೂನಿಕೋಡ್ ಅಕ್ಷರಗಳು ಸಲ್ಲುವುದರಿಂದ ನಿಯಮವನ್ನು ಹೀಗೆ ಬರೆಯಲು ಸಾಧ್ಯವಾಯಿತು:

ನಿಯಮ ದೊಡ್ಡ_ಬಿಲ್, ಮೊತ್ತ > 500, ರಿಯಾಯಿತಿ: 10

ಇದು ಟಿಪ್ಪಣಿಯಲ್ಲ, ಕಂಪೈಲರ್ (ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಒಪ್ಪುವ ಕೋಡ್. 'ನಿಯಮ' ಸಾಮಾನ್ಯ ಫಂಕ್ಷನ್ ಆಗಿದ್ದರೆ 'ಮೊತ್ತ > 500' ಎಂಬುದು ಮೊದಲೇ ಲೆಕ್ಕವಾಗಿ, ಸರಿ ಅಥವಾ ತಪ್ಪು ಎಂಬ ಉತ್ತರವಷ್ಟೇ ಒಳಗೆ ತಲುಪುತ್ತಿತ್ತು. ಮ್ಯಾಕ್ರೋಗೆ ಆ ಹೋಲಿಕೆಯೇ, ಚಿಹ್ನೆ, ಅದರ ಸಂದರ್ಭದ ವಿವರ ಮತ್ತು ಎರಡು ಬದಿಯ ಅಂಶಗಳೆಂಬ ಮೂರು ಭಾಗಗಳ ಟ್ಯೂಪಲ್ (ಕ್ರಮಬದ್ಧ ಗುಂಪು) ಆಗಿ ಸಿಗುತ್ತದೆ. ಹೀಗಾಗಿ ಅದೇ ತುಂಡಿನಿಂದ ರಿಯಾಯಿತಿಯ ಲೆಕ್ಕವನ್ನೂ ಮಾಡಿಸಬಹುದು, ಅದನ್ನು ಮತ್ತೆ ಪಠ್ಯವಾಗಿಸಿ ಬಿಲ್ಲಿನ ಕೆಳಗೆ ಕಾರಣವಾಗಿ ಮುದ್ರಿಸಲೂಬಹುದು. ರಿಯಾಯಿತಿ ಏಕೆ ಸಿಕ್ಕಿತು, ಏಕೆ ಸಿಗಲಿಲ್ಲ ಎಂಬ ಗಿರಾಕಿಯ ತಕರಾರು ಗಲ್ಲೆಯಲ್ಲೇ ಬಗೆಹರಿಯುತ್ತದೆ. ಎಲಿಕ್ಸಿರ್ ಜೊತೆಗೇ ಬರುವ ಪರೀಕ್ಷಾ ಸಾಧನದ 'ಅಸರ್ಟ್' ಕೂಡ ಇದೇ ಉಪಾಯದಿಂದ, ಪರೀಕ್ಷೆ ಸೋತಾಗ ಎಡಬಲದ ಬೆಲೆಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ.

ಆದರೆ ಬಾಗುವಿಕೆಗೆ ಗಟ್ಟಿಯಾದ ಮಿತಿಯಿದೆ. 'ಮೊತ್ತ > 500 ಇದ್ದರೆ' ಎಂದು ಕನ್ನಡದ ಕ್ರಮದಲ್ಲಿ ಬರೆದರೆ ಕೋಡಿನ ವ್ಯಾಕರಣವನ್ನು ಓದುವ ಭಾಗವಾದ ಪಾರ್ಸರ್ ಅಲ್ಲಿಯೇ ತಡೆಯುತ್ತದೆ, ಏಕೆಂದರೆ ಮ್ಯಾಕ್ರೋ ಕೆಲಸ ಶುರು ಮಾಡುವುದು ಪಾರ್ಸರ್ ಓದಿ ಮುಗಿಸಿದ ಬಳಿಕ. 'ಡೂ', 'ಎಂಡ್' ಎಂಬ ಕಾದಿರಿಸಿದ ಪದಗಳು ಬದಲಾಗುವುದಿಲ್ಲ, ಮಾಡ್ಯೂಲಿಗೆ (ಫಂಕ್ಷನ್‌ಗಳ ಗುಂಪಿಗೆ) ಎಂದಿನ ಕ್ರಮದಲ್ಲಿ ಇಡುವ ಹೆಸರುಗಳು ರೋಮನ್ ಲಿಪಿಯಲ್ಲೇ ಇರಬೇಕು, ಹೊಸ ಚಿಹ್ನೆ ಬೇಕೆಂದರೆ ಭಾಷೆ ಮೊದಲೇ ಗುರುತಿಸಿ ಖಾಲಿ ಬಿಟ್ಟಿರುವ ಕೆಲವನ್ನೇ ಆರಿಸಿಕೊಳ್ಳಬೇಕು. ಓದುವ ಹಂತವನ್ನೇ ತಿದ್ದಲು ಬಿಡುವ ಕಾಮನ್ ಲಿಸ್ಪ್ ಬಳಸಿದವರಿಗೆ ಇದು ಕಟ್ಟುನಿಟ್ಟೆನಿಸೀತು. ನನಗಂತೂ ಈ ಬೇಲಿ ಇಷ್ಟವಾಯಿತು: ಎಷ್ಟೇ ಬಗ್ಗಿಸಿದರೂ ಇನ್ನೊಬ್ಬ ಎಲಿಕ್ಸಿರ್ ಪ್ರೋಗ್ರಾಮರ್‌ಗೆ ಸಾಲಿನ ಆಕಾರ ಪರಿಚಿತವಾಗಿಯೇ ಉಳಿಯುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ಮ್ಯಾಕ್ರೋಗಳ 'ಹೈಜೀನ್' ಗುಣ, ಎಂದರೆ ಮ್ಯಾಕ್ರೋದೊಳಗಿನ ಹೆಸರುಗಳು ಹೊರಗಿನವುಗಳೊಂದಿಗೆ ಬೆರೆಯದಂತೆ ಕಾಯುವ ಗುಣ. ಮ್ಯಾಕ್ರೋ ತಯಾರಿಸಿದ ಫಂಕ್ಷನಿನ 'ಮೊತ್ತ'ವೂ ನಿಯಮದ ಸಾಲಿನಲ್ಲಿ ಬರೆದ 'ಮೊತ್ತ'ವೂ ಹೆಸರಿನಲ್ಲಿ ಒಂದೇ ಆದರೂ ಕಂಪೈಲರ್ ಪಾಲಿಗೆ ಬೇರೆ ಬೇರೆ, ಆದ್ದರಿಂದ 'ಮೊತ್ತ' ಎಂಬ ವೇರಿಯಬಲ್ಲೇ ಇಲ್ಲವೆಂಬ ದೋಷಸಂದೇಶ ಬರುತ್ತದೆ. ಈ ತಡೆಯನ್ನು ತೆಗೆಯುವ 'ವಾರ್!' ಬಳಸಿ ಎರಡನ್ನೂ ಬೆಸೆಯಬೇಕು. ಈ ರಕ್ಷಣೆ ಇರಲೇಬೇಕಾದದ್ದು, ಆದರೆ ಸಂದೇಶದಲ್ಲಿ ಕಾರಣ ಇನ್ನಷ್ಟು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ಫಂಕ್ಷನ್ ಸಾಕಾಗುವಲ್ಲಿ ಮ್ಯಾಕ್ರೋ ಬೇಡವೆಂದು ಎಲಿಕ್ಸಿರ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ, ಅದು ಸರಿಯಾದ ಮಾತು. ಶೇ. 5ರ ಜಿಎಸ್‌ಟಿ ಲೆಕ್ಕಕ್ಕೆ ಫಂಕ್ಷನ್ ಧಾರಾಳವಾಯಿತು. ಮ್ಯಾಕ್ರೋ ಇರುವ ಕಡತವನ್ನು ತುಸು ತಿದ್ದಿದರೂ ಅದನ್ನು ಬಳಸುವ ಕಡತಗಳೆಲ್ಲ ಮತ್ತೆ ಕಂಪೈಲ್ ಆಗುವುದರಿಂದ, ನಿಯಮಗಳನ್ನು ಒಂದೇ ಕಡತದಲ್ಲಿಡುವುದು ಕ್ಷೇಮ. ಕನ್ನಡದಲ್ಲಿ ಹೆಸರಿಡುವವರು ಇನ್ನೊಂದನ್ನು ಗಮನಿಸಬೇಕು: ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಮಾಲಕರಿಗೆ ನಿಯಮಗಳನ್ನು ತೋರಿಸುವಾಗ ಬ್ರೌಸರಿನಲ್ಲೇ ತೋರಿಸಿ.